ಖರ್ಜೂರಕ್ಕಿಂತ ಚಿಕ್ಕ ತುತ್ತು

ನಾರ್ವುಡ್, ಜೋಹಾನೆಸ್‌ಬರ್ಗ್
ಸೆಪ್ಟೆಂಬರ್ 26, ಶುಕ್ರವಾರ ಬೆಳಿಗ್ಗೆ

ನನ್ನ ಮುದ್ದಿನ ಲಿಯೋರಾ,

ಹೇಗಿದ್ದೀಯ ಮಗಳೇ? ಸೊಂಟದ ನೋವು ಕಡಿಮೆಯಾಯಿತೆ? ಊರ ಮಕ್ಕಳಿಗೆಲ್ಲ ಈಜು ಕಲಿಸುತ್ತೇನೆಂದು ಅವರನ್ನು ನೀರಿನಿಂದ ಎತ್ತಿ ಎತ್ತಿ ಸೊಂಟ ಹಿಡಿಸಿಕೊಂಡರೆ ಯಾರನ್ನು ದೂರುವುದು? ನಮ್ಮ ಅಳಿಯ ಡ್ಯಾರೆನ್‌ಗೆ ಕೆಮ್ಮು ಬಿಟ್ಟಿದೆ ತಾನೆ? ಹನ್ನಾಳ ಮುಂದಿನ ಹಲ್ಲು ಬಿತ್ತೆಂದು ಕಳೆದ ಶುಕ್ರವಾರ ಫೋನಿನಲ್ಲಿ ಹೇಳಿದೆಯಲ್ಲ, ಆ ಸುದ್ದಿಯನ್ನು ನಾನು ಈ ಮನೆಯಲ್ಲಿ ಎರಡು ಸಲ ಹೇಳಬೇಕಾಯಿತು. ಒಂದು ಸಲ ನಾನಾಗಿಯೇ ಹೇಳಿದೆ. ಆಮೇಲೆ ನಿಮ್ಮಪ್ಪ ಪೇಪರಿನಿಂದ ಮುಖ ಎತ್ತದೆ, "ಮೇಲಿನ ಹಲ್ಲೋ, ಕೆಳಗಿಂದೋ?" ಎಂದರು. ಮೇಲಿನದು ಎಂದೆ. ಆ ಮೊಮ್ಮಗಳನ್ನು ಅವರು ಫೋಟೋದಲ್ಲಿ ಬಿಟ್ಟರೆ ನೋಡಿದವರಲ್ಲ.

ನೋಡು, ಅವರ ಸುದ್ದಿ ಬಂದೇಬಿಟ್ಟಿತು. ಫೋನಾಗಿದ್ದರೆ ಇಷ್ಟು ಹೊತ್ತಿಗೆ ನೀನು "ಅಮ್ಮಾ, ಒಲೆ ಮೇಲೆ ಏನೋ ಇಟ್ಟಿದೀನಿ" ಎಂದು ಇಟ್ಟುಬಿಡುತ್ತಿದ್ದೆ. ನಿನ್ನ ಒಲೆಯ ಮೇಲೆ ಇಷ್ಟು ವರ್ಷದಿಂದ ಏನು ಬೇಯುತ್ತಿದೆಯೋ ಆ ದೇವರಿಗೇ ಗೊತ್ತು. ಅದಕ್ಕೇ ಈ ಕಾಗದ. ನಮ್ಮ ಅಂಚೆಯವರನ್ನು ನಂಬಿದರೆ ಮುಂದಿನ ಹೊಸ ವರ್ಷಕ್ಕೆ ತಲುಪೀತು. ನನ್ನ ಗೆಳತಿ ಫ್ರೀಡಾ ಮಿಲ್ನರ್‌ಳ ತಂಗಿಯ ಮಗ ಭಾನುವಾರ ಪೋರ್ಟ್ ಎಲಿಜಬೆತ್‌ಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಅವರ ಹೆಸರು ಕಂಡಿತೆಂದು ಹರಿದು ಹಾಕಬೇಡ ಕಂದಾ, ಕೊನೆಯವರೆಗೆ ಓದು. ಬರುವ ಬುಧವಾರ ಸಂಜೆ ಸೂರ್ಯ ಮುಳುಗಿ ಉಪವಾಸ ಶುರುವಾಗುವುದರೊಳಗೆ ಏನಾದರೂ ಆಗದಿದ್ದರೆ ನಿಮ್ಮಪ್ಪ ಉಳಿಯುವುದಿಲ್ಲ. ಹೆದರಿಸಲು ಬರೆಯುತ್ತಿಲ್ಲ. ನಾನೇ ಹೆದರಿ ಕೂತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಾವು ಪ್ರಾರ್ಥನೆಗೆ ಹೋಗುವ ಸಿನಗಾಗಿನ ಹಿಂದಿನ ಹಾಲ್‌ನಲ್ಲಿ ಪ್ರತಿ ಬುಧವಾರ ಹಿರಿಯರ ಗುಂಪು ಸೇರುವುದು ನಿನಗೆ ಗೊತ್ತು. ಮೊದಲು ನರ್ಸ್ ಸಿಸ್ಟರ್ ಪೋರ್ಶಿಯಾ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ ಕೈಕಾಲು ಆಡಿಸುತ್ತಾಳೆ. ಫ್ರೀಡಾ ಕೈ ಎತ್ತುವುದು ಹೊಸ ಬಳೆ ಇದ್ದ ದಿನ ಮಾತ್ರ. ಆಮೇಲೆ ಸಕ್ಕರೆ, ರಕ್ತದೊತ್ತಡ ನೋಡುತ್ತಾಳೆ. ಆಮೇಲೆ ಕೆಂಪು ಚಹಾ, ಗರಿಗರಿ ಕಿಚೆಲ್ ಬಿಸ್ಕತ್ತು, ಅದರ ಮೇಲೆ ಕೊಚ್ಚಿದ ಹೆರಿಂಗ್ ಮೀನು. ಹೊಟ್ಟೆ ತುಂಬಿದ ಮೇಲೆ ರಬ್ಬಿ ಹುರ್ವಿಟ್ಸ್ ಪಾಠ ಮಾಡುತ್ತಾರೆ, ಅರ್ಧ ಜನ ಗೊರಕೆ ಹೊಡೆಯುತ್ತಾರೆ. ಪಾಠ ಮುಗಿದು ರಮ್ಮಿ ಆಟದ ಬಿಲ್ಲೆಗಳು ಮೇಜಿನ ಮೇಲೆ ಸುರಿದ ಸದ್ದಾಯಿತೋ, ಗೊರಕೆಯವರೆಲ್ಲ ತಟ್ಟನೆ ಎಚ್ಚರ. ನಿಮ್ಮಪ್ಪ ಮಾತ್ರ ಪಾಠದಲ್ಲಿ ನಿದ್ದೆ ಮಾಡಿದವರಲ್ಲ. ಮುಂದಿನ ಸಾಲು, ಕನ್ನಡಕ, ಪೆನ್ಸಿಲ್. ಎಪ್ಪತ್ತೊಂಬತ್ತಕ್ಕೆ ಶಾಲೆಗೆ ಸೇರಿದ ಹುಡುಗನ ಹಾಗೆ. ಗಡಿಯಾರದ ಅಂಗಡಿ ಮುಚ್ಚಿದ ಮೇಲೆ ಆ ಬುಧವಾರವೇ ಅವರ ಅಂಗಡಿ.

ಆಗಸ್ಟ್‌ನಲ್ಲಿ ರಬ್ಬಿ ಒಂದು ಪಾಠ ಇಟ್ಟರು. ನಮ್ಮ ಪ್ರಾಯಶ್ಚಿತ್ತದ ದಿನ ಯೋಮ್ ಕಿಪ್ಪುರ್ ಬರುತ್ತಿದೆ, ಆ ದಿನ ಉಪವಾಸ ಮಾಡಬಾರದವರು ಊಟ ಮಾಡುವುದು ಹೇಗೆ ಎಂಬ ಪಾಠ. ಕಳೆದ ವರ್ಷ ನಾಲ್ಕು ಜನರನ್ನು ಸಿನಗಾಗಿನಿಂದ ನೇರ ಆಸ್ಪತ್ರೆಗೆ ಒಯ್ದಿದ್ದರಲ್ಲ, ಅದಕ್ಕೆ. ಆ ನಾಲ್ವರಲ್ಲಿ ಒಬ್ಬರು ಯಾರೆಂದು ನಿನಗೆ ಆಗಲೇ ಹೇಳಿದ್ದೆ. ನೀನು "ಹೂಂ" ಎಂದಿದ್ದೆ. ಕೊನೆಯ ಪ್ರಾರ್ಥನೆಯ ಹೊತ್ತಿಗೆ ನಿಮ್ಮಪ್ಪ ನಿಂತಲ್ಲೇ ಮುಂದಿನ ಬೆಂಚಿನ ಮೇಲೆ ಬಿದ್ದರು. ಮೇಲಿನ ಹೆಂಗಸರ ಸಾಲಿನಿಂದ ನಾನು ಅವರ ಬಿಳಿ ಶಾಲು ಕೆಂಪಾಗುವುದನ್ನು ನೋಡಿದೆ. ಹಣೆಗೆ ಹೊಲಿಗೆ ಹಾಕಿದ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ಸುಲಿನ್ ತಗೊಳೋ ಮನುಷ್ಯ, ಕಿಡ್ನಿ ಅರ್ಧ ಹೋಗಿದೆ. ಇನ್ನೊಂದು ಸಲ ಹೀಗೆ ಮಾಡಿದ್ರೆ ಎದ್ದೇಳಲ್ಲಮ್ಮ" ಎಂದರು. ಆ ಮಾತು ನಿಮ್ಮಪ್ಪನಿಗೂ ಕೇಳಿಸಿತು, ಬಾಗಿಲು ತೆರೆದೇ ಇತ್ತು.

ಪಾಠದಲ್ಲಿ ರಬ್ಬಿ ಹೇಳಿದ್ದು ಇಷ್ಟೇ: ಕಾಯಿಲೆಯವರಿಗೆ ಆ ದಿನ ತಿನ್ನುವುದೇ ಧರ್ಮ. ಒಂದು ದೊಡ್ಡ ಖರ್ಜೂರಕ್ಕಿಂತ ಚಿಕ್ಕ ತುತ್ತು, ಒಂಬತ್ತು ನಿಮಿಷ ಬಿಟ್ಟು ಇನ್ನೊಂದು. ಹೀಗೆ ತಿಂದರೆ ಉಪವಾಸದ ಗೌರವವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಅದೂ ಸಾಲದಿದ್ದವರು ಹೊಟ್ಟೆ ತುಂಬ ತಿನ್ನಬೇಕು. ಲಿಯೋರಾ, ನಿಮ್ಮಪ್ಪ ಅದನ್ನು ಹೇಗೆ ಹಿಡಿದುಕೊಂಡರು ಎನ್ನುತ್ತೀ! ಮಾರನೆಯ ವಾರವೇ ಮೊಟ್ಟೆ ಬೇಯಿಸುವಾಗ ಇಟ್ಟುಕೊಳ್ಳುವ ಪುಟ್ಟ ಮರಳು ಗಡಿಯಾರಗಳನ್ನು ಒಂದು ರಾಶಿ ತಂದರು. ಭೂತಗನ್ನಡಿ ಹಾಕಿಕೊಂಡು, ಒಂದೊಂದನ್ನೂ ಬಿಚ್ಚಿ, ಮರಳು ತುಂಬಿ, ಸರಿಯಾಗಿ ಒಂಬತ್ತು ನಿಮಿಷಕ್ಕೆ ಇಳಿಯುವ ಹಾಗೆ ಮಾಡಿ ಗುಂಪಿನಲ್ಲಿ ಎಲ್ಲರಿಗೂ ಹಂಚಿದರು. ಬೇಡವೆಂದವರ ಮನೆಗೆ ಹೋಗಿ ಒಪ್ಪಿಸಿ ಬಂದರು. "ಒಂಬತ್ತು ನಿಮಿಷಕ್ಕೊಂದು ತುತ್ತಾದ್ರೆ ಬೇರೆ ದಿನಕ್ಕಿಂತ ಆವತ್ತೇ ಜಾಸ್ತಿ ತಿಂತೀನಲ್ಲೋ ಸೋಲಿ" ಎಂದು ಫ್ರೀಡಾ ನಕ್ಕರೆ ಇವರು ನಗಲಿಲ್ಲ. "ತಿನ್ನೇ. ಸಾಯೋಕೆ ನಿಂಗ್ಯಾರು ಅಪ್ಪಣೆ ಕೊಟ್ಟಿದಾರೆ?" ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ದೇವರಿಗೆ ಕೈಮುಗಿದೆ. ಈ ವರ್ಷ ಬಚಾವಾದೆ ಎಂದುಕೊಂಡೆ. ಎಂಥ ದಡ್ಡಿ ನಾನು.

ನಿನ್ನೆ ತಿಳಿಯಿತು. ಬುಧವಾರ ನಮ್ಮ ಯೆಹೂದಿ ಹೊಸ ವರ್ಷದ ಹಬ್ಬವಾದ್ದರಿಂದ ಗುಂಪು ನಿನ್ನೆ, ಗುರುವಾರ, ಸೇರಿತ್ತು. ನಿನ್ನೆ ಹಬ್ಬದ ಮಾರನೆಯ ಸಣ್ಣ ಉಪವಾಸದ ದಿನ. ನಮ್ಮಂಥ ಮುದಿ ಜನಕ್ಕೆ ರಿಯಾಯಿತಿ ಎಂದು ರಬ್ಬಿಯೇ ಹೇಳಿದ್ದರಿಂದ ಹಾಲ್‌ನಲ್ಲಿ ಚಹಾ ಇಟ್ಟಿದ್ದರು. ವ್ಯಾಯಾಮ ನಡೆಯುತ್ತಿತ್ತು. ಎಲ್ಲರೂ ಕೈ ಮೇಲೆತ್ತಿ ಇಳಿಸಿದರು, ನಿಮ್ಮಪ್ಪನ ಕೈ ಮಾತ್ರ ಮೇಲೆಯೇ ನಿಂತಿತ್ತು. ಮುಖ ಬೂದಿ ಬಣ್ಣ, ಅಂಗಿ ಬೆವರಿನಲ್ಲಿ ತೊಯ್ದಿದೆ. ಪೋರ್ಶಿಯಾ ಓಡಿ ಬಂದು ಬೆರಳು ಚುಚ್ಚಿ ನೋಡಿದಳು, ಕಿತ್ತಳೆ ರಸದ ಲೋಟ ಬಾಯಿಗೆ ಹಿಡಿದಳು. ಇವರು ಹಲ್ಲು ಕಚ್ಚಿ ಕೂತರು. "ಬಾಯಿ ತೆಗೀರಿ ತಾತಾ, ಇಲ್ಲಾಂದ್ರೆ ಮೂಗಿಂದ ಹುಯ್ತೀನಿ" ಎಂದು ಗದರಿದ ಮೇಲೆ ಕುಡಿದರು. ಆಮೇಲೆ ಗೊತ್ತಾಯಿತು: ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡವರು ನಾನು ಕೊಟ್ಟ ಗಂಜಿಯನ್ನು ಪಕ್ಕದ ಮನೆಯ ನಾಯಿಗೆ ಸುರಿದು ಬಂದಿದ್ದರು. ಯಾಕ್ರೀ ಹೀಗೆ ಮಾಡಿದಿರಿ ಎಂದರೆ, ಎಲ್ಲರ ಮುಂದೆ, ಏನೋ ಬಸ್ಸಿನ ಹೊತ್ತು ಹೇಳುವವರ ಹಾಗೆ, "ಮುಂದಿನ ವಾರಕ್ಕೆ ಅಭ್ಯಾಸ ಮಾಡ್ತಿದ್ದೆ" ಎಂದರು.

ಮನೆಗೆ ಬಂದು ನಾನು ಕಿರುಚಾಡಿದೆ ಮಗಳೇ. ಮದುವೆಯಾದಾಗಿನಿಂದ ಹಾಗೆ ಕಿರುಚಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿ ನೀವು ಸಾಯಲು ಹೊರಟಿದ್ದೀರಾ, ನಿಮ್ಮ ನಿಯಮ ನಿಮಗಿಲ್ಲವಾ ಎಂದೆ. ಅದಕ್ಕೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ದೇವರಿಗೆ ಮಾಡಿದ ತಪ್ಪನ್ನ ಆ ದಿನ ತೊಳೆಯುತ್ತೆ ಎಟ್ಟಿ. ಮನುಷ್ಯರಿಗೆ ಮಾಡಿದ್ದನ್ನ ತೊಳೆಯಲ್ಲ. ಅದಕ್ಕೆ ಅವರೇ ಕ್ಷಮಿಸಬೇಕು. ನನ್ನ ಮಗಳು ಕ್ಷಮಿಸಿಲ್ಲ. ಹಾಗಿರುವಾಗ ದೇವರ ಮುಂದೆ ಕೂತ್ಕೊಂಡು ಮರಳು ಗಡಿಯಾರ ತಿರುಗಿಸ್ತಾ ಹೇಗೆ ತಿನ್ಲಿ? ಕೈಯಲ್ಲಿ ಇನ್ನೇನೂ ಇಲ್ದೆ ಹೋಗೋನು ಹಸಿವಾದ್ರೂ ತಗೊಂಡು ಹೋಗ್ಬೇಕು."

ಎಜ್ರಾನ ವಿಷಯ ಬರೆಯಲೇಬೇಕು, ನನ್ನನ್ನು ಬೈದುಕೋ. ನಿನ್ನ ಮೊದಲ ಮಗು ಮೂರು ವಾರ ಬದುಕಿತು. ಮಣ್ಣು ಮಾಡಿ ಬಂದ ಮೇಲೆ ನೀನು ನಮ್ಮ ಮನೆಯ ಕನ್ನಡಿಗೆಲ್ಲ ಬಿಳಿ ಹಾಸುಬಟ್ಟೆ ಹೊದಿಸಿ, ತಗ್ಗಿನ ಮಣೆಯ ಮೇಲೆ ಏಳು ದಿನದ ದುಃಖಕ್ಕೆ ಕೂತೆ. ಫ್ರೀಡಾ ದುಃಖದವರಿಗೆಂದು ಮೊಟ್ಟೆ ಬೇಯಿಸಿ ತಂದಳು. ನಿಮ್ಮಪ್ಪ ಬಂದರು. "ಮೂವತ್ತು ದಿನ ತುಂಬದ ಮಗುವಿಗೆ ಏಳು ದಿನ ಕೂರೋ ಹಾಗಿಲ್ಲ ಲಿಯೋರಾ, ಎದ್ದೇಳು" ಎಂದರು. ನಡುಮನೆಯ ಕನ್ನಡಿಯ ಬಟ್ಟೆ ಎಳೆದರು, ಮೂಲೆಗೆ ಮೂಲೆ ಸೇರಿಸಿ ಮಡಿಸಿದರು, ಕಪಾಟಿನಲ್ಲಿಟ್ಟರು. ಗೇಟಿನ ಹತ್ತಿರ ನಿಂತು ಬಂದವರನ್ನೆಲ್ಲ ವಾಪಸ್ಸು ಕಳಿಸಿದರು. ಆ ಕನ್ನಡಿಯಲ್ಲಿ ನಿನಗೆ ನಿನ್ನ ಮುಖ ಕಂಡಿತು. ನೀನು ಆಗ ಮಾಡಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರಿಗೆ ಅವತ್ತು ಕೇಳಿಸಲಿಲ್ಲ. ನಿಯಮ ಸರಿಯಾಗಿದೆ ಎಂದ ಮೇಲೆ ಬೇರೆ ಏನೂ ಕೇಳಿಸದ ಮನುಷ್ಯ ಅವರು. ನಿನ್ನ ಕೋಪ ನ್ಯಾಯವಾದದ್ದು. ಅದನ್ನು ಅಲ್ಲಗಳೆಯಲು ಈ ಕಾಗದವಲ್ಲ.

ಆದರೆ ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಏನಾಯಿತು ಎಂದು ನಾನು ನಿನಗೆ ಹೇಳಿಲ್ಲ, ಹೇಳಲು ನೀನು ಬಿಟ್ಟಿಲ್ಲ. ಬುಧವಾರದ ಪಾಠ ದುಃಖದ ಆಚರಣೆಗಳ ಬಗ್ಗೆ ಇತ್ತು. ಆ ಮೂವತ್ತು ದಿನದ ಮಾತು ಬಂತು. ರಬ್ಬಿ ಹೇಳಿದರು: ಹಿಂದೆ ಮನೆಮನೆಯಲ್ಲೂ ಕೂಸುಗಳು ಸಾಯುತ್ತಿದ್ದವು, ತಾಯಂದಿರು ವರ್ಷವೆಲ್ಲ ನೆಲದ ಮೇಲೆಯೇ ಕೂತಿರಬಾರದೆಂದು ಹಿರಿಯರು ಅವರ ಹೆಗಲಿಂದ ಒಂದು ಹೊರೆ ಇಳಿಸಿದರು, ಅದು ರಿಯಾಯಿತಿ, ಅಳಬೇಡವೆಂದು ತಡೆಯಲು ಅದನ್ನು ಯಾರೂ ಬರೆದಿಲ್ಲ, ನನ್ನ ಹತ್ತಿರ ಅಂಥ ತಾಯಿ ಬಂದರೆ ಕೂರಮ್ಮ ಎನ್ನುತ್ತೇನೆ, ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ. ನಿಮ್ಮಪ್ಪನ ಕೈಯ ಪೆನ್ಸಿಲ್ ನಿಂತುಹೋಯಿತು. ಆವತ್ತು ಅವರು ರಮ್ಮಿ ಆಡಲಿಲ್ಲ. ಮನೆಗೆ ಬಂದವರು ಕಪಾಟು ತೆಗೆದು, ಆ ಹಾಸುಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ನಾನು ಊಟಕ್ಕೆ ಕರೆದೆ. "ನನಗೆ ಅರ್ಧ ನಿಯಮ ಗೊತ್ತಿತ್ತು ಎಟ್ಟಿ" ಎಂದರು. ಮುದುಕ ಮಗುವಿನ ಹಾಗೆ ಅತ್ತುಬಿಟ್ಟ. ಅವರು ಅಳುವುದನ್ನು ನಾನು ಅವರಮ್ಮ ಸತ್ತಾಗಲೂ ನೋಡಿರಲಿಲ್ಲ.

ಆಮೇಲಿನದು ನಿನಗೂ ಗೊತ್ತು. ಆ ವರ್ಷ ಹಬ್ಬಕ್ಕೆ ಮುಂಚೆ ಫೋನ್ ಮಾಡಿ ಕ್ಷಮೆ ಕೇಳಿದರು, ನೀನು ಆಗಲ್ಲ ಎಂದೆ. ಕಳೆದ ವರ್ಷ ಬಸ್ಸು ಹತ್ತಿ ನಿಮ್ಮೂರಿಗೇ ಬಂದರು. ವಿಮಾನದಲ್ಲಿ ಹೋಗಿ ಎಂದರೆ, "ಕ್ಷಮೆ ಕೇಳೋಕೆ ಹೋಗೋನು ಹಾರಿಕೊಂಡು ಹೋಗಬಾರದು" ಎಂದ ಮನುಷ್ಯ. ನಿನ್ನ ಗೇಟಿನಾಚೆ ನಿಂತು ಕೇಳಿದರು. ನೀನು ಜಗಲಿಯಿಂದಲೇ, "ನನ್ನ ಕೈಲಿ ಆಗಲ್ಲ ಅಪ್ಪಾ, ಮನೆಗೆ ಹೋಗಿ" ಎಂದೆಯಂತೆ. ಅದೇ ಬಸ್ಸಿನಲ್ಲಿ ವಾಪಸ್ಸು ಬಂದರು. ಬಂದ ವಾರವೇ ಉಪವಾಸ ಮಾಡಿ ಬೆಂಚಿನ ಮೇಲೆ ಬಿದ್ದರು.

ಹಾಗಾದರೆ ಮೂರನೆಯ ಸಲ ಕೇಳಿ ಎಂದು ನಾನು ನಿನ್ನೆ ಅವರ ಕಾಲು ಹಿಡಿದೆ. ಮೂರು ಸಲ ಕೇಳಬೇಕು, ಮೂರನೆಯ ಸಲವೂ ಒಲ್ಲೆ ಎಂದರೆ ಕೇಳಿದವನ ಭಾರ ಇಳಿಯಿತು ಎಂದು ಅದೇ ಬುಧವಾರದ ಪಾಠದಲ್ಲಿ ನಾವಿಬ್ಬರೂ ಕಲಿತಿದ್ದೇವೆ. ಫೋನ್ ಎತ್ತಿ, ಕೇಳಿ, ಅವಳು ಹೂಂ ಅನ್ನಲಿ ಊಂಹೂಂ ಅನ್ನಲಿ, ನಿಮ್ಮ ಬಿಡುಗಡೆಯಾಯಿತು, ಆಮೇಲೆ ನೆಮ್ಮದಿಯಾಗಿ ತಿನ್ನಿ ಎಂದೆ. ಅವರು ನನ್ನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಏನು ಹೇಳಿದರು ಗೊತ್ತೇ ಲಿಯೋರಾ? "ಮೂರನೇ ಸಲ ಆಗಲ್ಲ ಅಂದವರ ಮೇಲೆ ಆ ಪಾಪ ಕೂರುತ್ತೆ ಎಟ್ಟಿ. ಅವಳ ಮೇಲೆ ಇನ್ನೊಂದು ಹೊರೆ ಹಾಕ್ಲಾ? ಇರೋದು ನನ್ನ ಮೇಲೇ ಇರ್ಲಿ." ಅದಕ್ಕೇ ಅವರು ಈ ವರ್ಷ ಫೋನ್ ಮಾಡಿಲ್ಲ. ನಿನಗೆ ಬಹುಶಃ ಕೈಬಿಟ್ಟರು ಎನಿಸಿರಬಹುದು. ಅವರು ಕೇಳದೆ ಇರುವುದು ನಿನ್ನನ್ನು ಉಳಿಸಲು. ಮೂರ್ಖ, ಮೊಂಡ, ನನ್ನ ಗಂಡ.

ನಾನು ಮಾಡದ ಉಪಾಯವಿಲ್ಲ. ರಬ್ಬಿಯನ್ನು ನಿನ್ನೆಯೇ ಕರೆಸಿದೆ. ಇವರು ಅವರಿಗೆ ಚಹಾ ಕೊಟ್ಟು, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, "ನೀವು ಹೇಳೋದು ಸರಿ, ನೀವು ನನ್ನ ಗುರುಗಳು, ಆದ್ರೂ ತಿನ್ನಲ್ಲ" ಎಂದರು. ನಿಯಮ ಮುರಿಯದ ಮನುಷ್ಯ ಮೊದಲ ಸಲ ನಿಯಮ ಮುರಿಯಲು ಹೊರಟಿದ್ದಾನೆ, ಅದೂ ಸಾಯಲು. ನಾನೂ ಉಪವಾಸ ಮಾಡುತ್ತೇನೆ, ನನ್ನ ಹೃದಯದ ಮಾತ್ರೆಯನ್ನೂ ಬಿಡುತ್ತೇನೆ ಎಂದು ಹೆದರಿಸಿದೆ. "ನೀನು ಹಾಗೆ ಮಾಡೋಳಲ್ಲ, ಹನ್ನಾ ಇದಾಳೆ" ಎಂದರು. ಕೊನೆಗೆ ಸಂಜೆ ಒಂದು ಸುಳ್ಳು ಹೇಳಿದೆ. ನೀವು ಸ್ನಾನಕ್ಕೆ ಹೋಗಿದ್ದಾಗ ಲಿಯೋರಾ ಫೋನ್ ಮಾಡಿದ್ದಳು, ಕ್ಷಮಿಸಿದ್ದೇನೆ ಎಂದಳು ಎಂದೆ. ಆ ಮುಖ ನೀನು ನೋಡಬೇಕಿತ್ತು. ಎದ್ದು ನಿಂತು, ಗೋಡೆ ಹಿಡಿದುಕೊಂಡು, "ಏನಂದ್ಲು? ಅವಳು ಅಂದ ಮಾತನ್ನೇ ಹೇಳು" ಎಂದರು. ನೀನು ಅದನ್ನು ಹೇಗೆ ಹೇಳುತ್ತೀ, ಯಾವ ಮಾತಿನಿಂದ ಶುರು ಮಾಡುತ್ತೀ, ನನಗೆ ಊಹಿಸಲೂ ಆಗಲಿಲ್ಲ. ಅವರು ನಿಧಾನವಾಗಿ ಕೂತರು. "ನಿಂಗೆ ಸುಳ್ಳು ಹೇಳೋಕೆ ಬರಲ್ಲ ಬಿಡೇ" ಎಂದು ನನ್ನ ಕೈ ತಟ್ಟಿದರು. ಅವರಿಗೆ ಹಾಗೆ ಆಸೆ ತೋರಿಸಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಈಗ ನನಗೆ ಉಳಿದಿರುವವಳು ನೀನೊಬ್ಬಳೇ. ಮಂಗಳವಾರವೋ ಬುಧವಾರವೋ ಒಂದು ಫೋನ್ ಮಾಡು. ಕ್ಷಮಿಸಿದೆ ಎಂದು ಹೇಳಿಬಿಡು ತಾಯಿ. ಮನಸ್ಸಿನಲ್ಲಿ ಇಲ್ಲದಿದ್ದರೂ ಹೇಳು. ನೀನು ಸುಳ್ಳು ಹೇಳಿದರೆ ಅವರು ನಂಬುತ್ತಾರೆ. ಆ ಸುಳ್ಳಿನ ಲೆಕ್ಕವನ್ನು ನಾನು ಮೇಲೆ ಹೋಗಿ ಕೊಡುತ್ತೇನೆ. ಬುಧವಾರ ಸಂಜೆ ಅವರ ಪಕ್ಕದಲ್ಲಿ ನಡೆದು ಸಿನಗಾಗಿಗೆ ಹೋಗಿ, ಮೇಲಿನ ಸಾಲಿನಲ್ಲಿ ಕೂತು, ಮಾರನೆಯ ದಿನ ಇಡೀ ಆ ಶಾಲನ್ನೇ ನೋಡುತ್ತ, ಈಗ ಬೀಳುತ್ತಾರೆ, ಈಗ ಬೀಳುತ್ತಾರೆ ಎಂದು ಕಾಯಲು ನನ್ನಿಂದ ಆಗುವುದಿಲ್ಲ. ನನ್ನಿಂದ ಆಗುವುದೇ ಇಲ್ಲ ಲಿಯೋರಾ.

ಸಂಜೆಯ ಸಬ್ಬತ್‌ಗೆ ಹೆಣೆದ ರೊಟ್ಟಿ ಒಲೆಯಲ್ಲಿದೆ, ವಾಸನೆ ಬರುತ್ತಿದೆ, ಎದ್ದು ನೋಡಬೇಕು. ಡ್ಯಾರೆನ್‌ಗೆ ನನ್ನ ನೆನಪು ಹೇಳು. ಹನ್ನಾಳ ಹಲ್ಲಿಲ್ಲದ ಬಾಯಿಗೊಂದು ಮುತ್ತು. ದೇವರು ಬರೆಯುವ ಮೇಲಿನ ಪುಸ್ತಕದಲ್ಲಿ ಈ ವರ್ಷ ನಿಮ್ಮ ಮೂವರ ಹೆಸರೂ ಒಳ್ಳೆಯ ಪುಟದಲ್ಲೇ ಇರಲಿ, ಶಾಯಿ ಚೆನ್ನಾಗಿ ಒಣಗಲಿ.

ನಿನ್ನ
ಅಮ್ಮ, ಎಟ್ಟಿ

ಮರೆತದ್ದು: ಸೂರ್ಯ ಪಕ್ಕದ ಮನೆಯ ಮರದ ಹಿಂದಕ್ಕೆ ಇಳಿದಿದ್ದಾನೆ, ದೀಪ ಹಚ್ಚಿ ಸಬ್ಬತ್‌ನ ವಿಶ್ರಾಂತಿ ಶುರುವಾದ ಮೇಲೆ ಪೆನ್ನು ಮುಟ್ಟುವಂತಿಲ್ಲ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಬರೆದದ್ದನ್ನು ಮತ್ತೆ ಓದಿ ನನಗೇ ಭಯವಾಯಿತು. ಈ ಕಾಗದವೇ ಮೂರನೆಯ ಸಲ ಕೇಳಿದಂತಾಗಿಬಿಟ್ಟರೆ? ರಬ್ಬಿಗೆ ಫೋನ್ ಮಾಡಿ ಕೇಳಿದೆ. ಸೋಲಿ ನಿಮ್ಮನ್ನು ಕಳಿಸಿಲ್ಲ, ನೀವಾಗಿ ಬರೆದದ್ದು ಲೆಕ್ಕಕ್ಕಿಲ್ಲ ಎಂದರು. ಹಾಗಾಗಿ ನೀನು ಆಗಲ್ಲ ಎಂದರೂ ನಿನ್ನ ಮೇಲೆ ಏನೂ ಕೂರುವುದಿಲ್ಲ. ಇನ್ನೊಂದು. ಸುಳ್ಳು ಹೇಳು ಎಂದು ಬರೆದೆನಲ್ಲ, ಅದನ್ನು ಹೊಡೆದು ಹಾಕಿಕೋ. ನಿನ್ನ ಎಜ್ರಾನ ವಿಷಯದಲ್ಲಿ ನೀನು ಹೀಗೆ ಮಾಡಬೇಕು, ಹಾಗೆ ಮಾಡಬೇಕು ಎಂದು ಈ ಮನೆಯವರು ಒಂದು ಸಲ ಹೇಳಿದ್ದೇ ಸಾಕು. ಕ್ಷಮಿಸಬೇಡ. ಅವರು ಬದುಕಿದ್ದರೆ ಇನ್ನೂ ಎಷ್ಟು ವರ್ಷ ಬೇಕಾದರೂ ಕ್ಷಮಿಸದೆ ಇರಬಹುದು, ಸತ್ತರೆ ನಿನಗೆ ಅದೂ ಸಿಗುವುದಿಲ್ಲ. ಫೋನ್ ಮಾಡಿ, "ಅಪ್ಪಾ, ಊಟ ಮಾಡಿ" ಎಂದು ಅಷ್ಟೇ ಹೇಳು. ಆಮೇಲೆ ಒಲೆ ಮೇಲೆ ಏನೋ ಇದೆ ಎಂದು ಇಟ್ಟುಬಿಡು.